ಸೀದ ಗಂಜಿಗೂ ಕೊಸರು ಕೇಳಿದವರು

ಬೆಟ್ಟದೂರು ವಾಂಕಾಯೊದ ಸಗಟು ಮಾರುಕಟ್ಟೆಯ ಹಿಂಬಾಗಿಲಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆಲೂಗಡ್ಡೆ ಮೂಟೆಗಳ ಮೇಲೆ ಇಬ್ಬನಿ ಉಪ್ಪಿನ ಹಾಗೆ ಹೆಪ್ಪುಗಟ್ಟಿದೆ. ಸತುರ್ನಿನಾ ಪೋಮಾ ತಮ್ಮ ತಳ್ಳುಗಾಡಿಯ ಒಲೆಯ ಮೇಲಿನ ದೊಡ್ಡ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಓಟ್ಸ್ ಗಂಜಿಯ ಹಬೆ ಮುಖಕ್ಕೆ ರಾಚುತ್ತದೆ. ಅವರು ಮೂಗರಳಿಸುವುದಿಲ್ಲ. ಮೊದಲ ಬೋಗುಣಿ ತುಂಬಿ, ಹೆಗಲಿಗೆ ಹಗ್ಗ ಸುತ್ತಿಕೊಂಡು ನಿಂತ ಹಮಾಲಿ ಸೋಸಿಮೋ ಅವರ ಕೈಗಿಟ್ಟು, ಸೌಟು ಹಿಡಿದೇ ಕಾಯುತ್ತಾರೆ. ಹಿಂದೆ ಸಾಲು ನಿಂತವರೂ ಕಾಯುತ್ತಾರೆ.

ಸೋಸಿಮೋ ಅವಸರದ ಮನುಷ್ಯ ಅಲ್ಲ. ಮೊದಲು ಮೂಸುತ್ತಾರೆ. ಆಮೇಲೆ ಒಂದು ಗುಟುಕು.

"ಚಕ್ಕೆ ಹಾಕಿದ್ಯಾ ಕಸೇರಾ, ಇಲ್ಲ ಪಾತ್ರೆಗೆ ತೋರ್ಸಿ ವಾಪಸ್ ಡಬ್ಬಿಗೆ ಇಟ್ಕೊಂಡ್ಯಾ?"

ಖಾಯಂ ಗಿರಾಕಿಗಳೆಲ್ಲ ಅವರನ್ನು ಕರೆಯುವುದು ಕಸೇರಾ, ಅಂದರೆ ನಮ್ಮ ಖಾಯಂ ಅಂಗಡಿಯವಳು, ಎಂದೇ. ಗಂಡಸು ಗಿರಾಕಿಯನ್ನು ಅವರು ಕರೆಯುವುದು ಕಸೇರೋ ಎಂದು. "ನಿನ್ನ ಮೂಗು ಮೂಟೆ ಹೊತ್ತು ಹೊತ್ತು ಚಪ್ಪಟೆ ಆಗಿದೆ, ಕಸೇರೋ," ಎಂದು ಬೈಯುತ್ತಲೇ ಇನ್ನೆರಡು ತುಂಡು ಚಕ್ಕೆ ಮುರಿದು ಹಾಕುತ್ತಾರೆ. ಇನ್ನೊಂದು ಕುದಿ ಬರುತ್ತದೆ. ಸೋಸಿಮೋ ತಲೆಯಾಡಿಸಿದ ಮೇಲೆಯೇ ಸಾಲು ಮುಂದೆ ಸರಿಯುತ್ತದೆ.

ಸತುರ್ನಿನಾ ಅವರಿಗೆ ವಾಸನೆ ಗೊತ್ತಾಗುವುದಿಲ್ಲ. ಮಹಾಮಾರಿಯ ವರ್ಷ ಬಂದ ಜ್ವರ, ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಯಿತು. ಸಿಹಿ, ಉಪ್ಪು, ಹುಳಿ ನಾಲಿಗೆಗೆ ತಿಳಿಯುತ್ತವೆ. ಲವಂಗಕ್ಕೂ ಸೌದೆ ಚೂರಿಗೂ ಮಾತ್ರ ವ್ಯತ್ಯಾಸ ತಿಳಿಯುವುದಿಲ್ಲ. ಪರಿಮಳವನ್ನೇ ಮಾರಿ ಬದುಕುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಪೆಟ್ಟು ಬೇಕೆ?

ಓಟ್ಸ್ ಎಂದರೆ ಹೊಟ್ಟೆ ಕರಗಿಸಲು ಮುಖ ಸಿಂಡರಿಸಿಕೊಂಡು ನುಂಗುವ ಸಪ್ಪೆ ಅಂಟು ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಅವರಿಗೆ ಗಂಜಿ ಮಾಡಲು ಬರುವುದಿಲ್ಲ, ಅಷ್ಟೇ. ಸತುರ್ನಿನಾ ಮೊದಲು ಕುದಿಸುವುದು ಬರಿಯ ನೀರನ್ನು. ಅದಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ, ಸೇಬಿನ ಹೋಳು. ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಮೇಲೆ ಓಟ್ಸ್. ಒಂದು ಚಿಟಿಕೆ ಉಪ್ಪು, ಆಮೇಲೆ ಬೆಲ್ಲ, ಕಟ್ಟಕಡೆಗೆ ಹಾಲು. ಹಮಾಲಿಗಳಿಗೆ ಸೌಟು ನಿಲ್ಲುವಷ್ಟು ಗಟ್ಟಿ, ಮೇಲೊಂದು ತುಂಡು ತಾಜಾ ಚೀಸ್. ರಾತ್ರಿಯೆಲ್ಲ ಲಾರಿ ಓಡಿಸಿ ಬಂದವರಿಗೆ ಕಸುವು ಕೊಡುವ ಮಾಕಾ ಗೆಡ್ಡೆಯ ಪುಡಿ ಕಲಸಿದ್ದು. ಬಾಣಂತಿ ಮನೆಗೆ ಒಯ್ಯುವವರಿಗೆ ಹಾಲು ಹೆಚ್ಚು, ಎಳ್ಳಿನ ಪುಡಿ. ಹೊಟ್ಟೆ ಕೆಟ್ಟವರಿಗೆ ಹುರಿದ ಓಟ್ಸಿನ ತೆಳ್ಳನೆಯ ನೀರುಗಂಜಿ. ಅನಾನಸ್ ಸಿಪ್ಪೆ ಕುದಿಸಿದ ಹುಳಿಗಂಜಿ ಬೇಕೆಂದವರಿಗೆ ಹಾಲಿಲ್ಲ. ಹಾಕು ಎಂದು ಹಟ ಹಿಡಿದರೆ, ಒಡೆದ ಹಾಲಿಗೆ ಬೇರೆ ಅಂಗಡಿ ನೋಡಿಕೋ ಎನ್ನುತ್ತಾರೆ.

ಗಾಡಿ ಅವರ ಅತ್ತೆಯದು. ಗಂಡ ಗಣಿ ಕೆಲಸಕ್ಕೆ ಹೋಗಿ ಅಲ್ಲೇ ತೀರಿಕೊಂಡ ಮೇಲೆ ಅತ್ತೆ ಸೌಟನ್ನು ಸೊಸೆಯ ಕೈಗೆ ಕೊಟ್ಟರಂತೆ. ಈಗ ದಿನಕ್ಕೆ ಎರಡು ಪಾತ್ರೆ ಗಂಜಿ ಖರ್ಚಾಗುತ್ತದೆ, ಸಂತೆಯ ದಿನ ಮೂರು.

ವಾಸನೆ ಹೋದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೂಗಿಲ್ಲದವಳ ಕೈಯ ಗಂಜಿ ಯಾರು ಕುಡಿಯುತ್ತಾರೆ? ಗೊತ್ತಿದ್ದದ್ದು ಜೊತೆಗಿರುವ ತಂಗಿ ಬೆನಿಲ್ದಾ ಅವರಿಗೆ ಮಾತ್ರ. ಒಂದು ಪಾತ್ರೆ ಕೆಟ್ಟರೂ ಗಾಡಿ ಮಾರಿಬಿಡುತ್ತೇನೆ ಎಂದು ತಂಗಿಯ ಮುಂದೆ ಆಣೆ ಮಾಡಿದ್ದರು. ಹಾಗಾಗಿ ಕಣ್ಣಿಗೂ ಕಿವಿಗೂ ಮೂಗಿನ ಕೆಲಸ ಕಲಿಸಿದರು. ಸಿಪ್ಪೆ ಗಾಜಿನಂತಾದರೆ ಕಿತ್ತಳೆ ಪರಿಮಳ ಬಿಟ್ಟಿತು ಎಂದು ಲೆಕ್ಕ. ಬುಳುಬುಳು ನಿಂತು ಪಚಕ್ ಪಚಕ್ ಎಂದರೆ ಗಂಜಿ ಹದಕ್ಕೆ ಬಂತು.

ಆದರೆ ತಳ ಹಿಡಿಯುವುದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುವುದೂ ಇಲ್ಲ. ಒಂದು ಬೆಳಿಗ್ಗೆ ಗಾಡಿಯ ಚಕ್ರ ಚರಂಡಿಗೆ ಇಳಿಯಿತು. ಅದನ್ನೆತ್ತುವ ಗಲಾಟೆಯಲ್ಲಿ ಸೌಟಾಡಿಸುವುದು ತಪ್ಪಿತು. ಚಕ್ರ ಮೇಲೆ ಬಂದ ನಂತರ ಬೆಲ್ಲ ಸರಿಯಿದೆಯೇ ಎಂದು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ, ಬೋಗುಣಿಗಳಿಗೆ ಬಡಿಸಿದರು. ಎಲ್ಲರೂ ಕುಡಿದರು. ಸೋಸಿಮೋ ಎಂದಿನಂತೆ ಬೋಗುಣಿ ಮುಂದೆ ಚಾಚಿ ಕೊಸರು ಕೇಳಿದರು. ಅವರ ಹಿಂದಿನವರೂ ಕೇಳಿದರು. ಪಾತ್ರೆ ಖಾಲಿಯಾಯಿತು.

ಮನೆಯಲ್ಲಿ ಪಾತ್ರೆ ಉಜ್ಜಲು ಕೂತ ಬೆನಿಲ್ದಾ ಅಕ್ಕನನ್ನು ಕರೆದು ತಳ ತೋರಿಸಿದರು. ಇದ್ದಲಿನಂತೆ ಕಪ್ಪು. ಊರಿಗೆಲ್ಲ ಹೊಡೆಯುವಂಥ ಸೀದ ವಾಸನೆ. ಸತುರ್ನಿನಾ ಪಾತ್ರೆಯೊಳಗೆ ತಲೆ ಹಾಕಿ ಎಳೆದೆಳೆದು ಮೂಸಿದರು. ಏನೂ ಇಲ್ಲ. ಅಲ್ಲೇ ಕೂತು ಅತ್ತರು.

ಮರುದಿನ ಗಂಜಿಯಿಲ್ಲದೆ, ಖಾಲಿ ಕೈಯಲ್ಲಿ ಮಾರುಕಟ್ಟೆಗೆ ಬಂದರು. ಗಾಡಿ ಮಾರುತ್ತೇನೆ ಎಂದು ಹೇಳಿ ಹೋಗುವುದಕ್ಕೆ. ಹೇಳುವ ಮುಂಚೆ ಸಿಟ್ಟೇ ಬಾಯಿಗೆ ಬಂತು. ಸೀದದ್ದನ್ನು ನುಂಗಿ ಬಾಯಿ ಮುಚ್ಚಿಕೊಂಡು ಹೋದಿರಲ್ಲ, ನೀವೇನು ದನಗಳೇ ಎಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡರು. ಉತ್ತರ ಕೊಟ್ಟದ್ದು ಸೋಸಿಮೋ.

"ನಿನ್ನೆ ಹೇಳಿದ್ದಿದ್ರೆ ನೀನು ಇವತ್ತಿಂದ ಬರ್ತಿರ್ಲಿಲ್ಲ. ನಿನ್ನ ಮೂಗಿನ ವಿಷ್ಯ ನಮಗೆ ಹೊಸದಾ? ಕೊಳೆತ ಈರುಳ್ಳಿ ರಾಶಿ ಪಕ್ಕ ಗಾಡಿ ನಿಲ್ಲಿಸ್ಕೊಂಡು ಹಾಡು ಗುನುಗ್ತಿದ್ದೆಯಲ್ಲ, ಅವತ್ತೇ ಗೊತ್ತಾಯ್ತು."

ಗೊತ್ತಿದ್ದೂ ಅಷ್ಟು ದಿನ ಕುಡಿದಿದ್ದರು! ಗಾಡಿ ಮಾರುವ ಮಾತು ಅಲ್ಲಿಗೇ ಮುಗಿಯಿತು. ಅಂದಿನಿಂದ ಮೊದಲ ಬೋಗುಣಿ ಸೋಸಿಮೋ ಅವರದು. ಮೂಟೆ ಹೊರುವುದರ ಜೊತೆಗೆ ಮೂಗಿನ ಚಾಕರಿಯೂ ಬಂತು ಎಂದು ಅವರು ದಿನಾ ಗೊಣಗುತ್ತಾರೆ. ಒಂದು ದಿನವೂ ತಪ್ಪಿಸುವುದಿಲ್ಲ.

"ಅವತ್ತು ಅವರು ಕೊಸರು ಕೇಳದೆ ಸುಮ್ನೆ ಹೋಗಿದ್ರೆ ನಂಗೆ ಅನುಮಾನ ಬರ್ತಿತ್ತು," ಎನ್ನುತ್ತಾರೆ ಸತುರ್ನಿನಾ, ಸೌಟಿನಿಂದ ತಳ ಕೆರೆಯುತ್ತಲೇ. "ಅದಕ್ಕೇ ಕೇಳಿದ್ರು. ಸೀದ ಗಂಜಿ ಎರಡೆರಡು ಸಲ ಕುಡಿದ್ರು, ಪಾಪಿಗಳು. ಈ ಋಣ ನಾನು ಎಲ್ಲಿ ತೀರಿಸ್ಲಿ?"

ಬಿಸಿಲು ಮೂಟೆಗಳ ಮೇಲೆ ಬೀಳುತ್ತಿದೆ. ಇಬ್ಬನಿ ಕರಗಿ ಚೀಲಗಳು ತೊಯ್ದಿವೆ. ವಾಸನೆ ಎಂದಾದರೂ ಮರಳಿ ಬಂದರೆ ಮೊದಲು ಯಾವುದು ಬೇಕು, ಚಕ್ಕೆಯದೋ ಕಿತ್ತಳೆಯದೋ ಎಂದು ಸಾಲಿನಲ್ಲಿದ್ದ ಯಾರೋ ಕೇಳುತ್ತಾರೆ. ಸತುರ್ನಿನಾ ಯೋಚಿಸುವುದೂ ಇಲ್ಲ.

"ಸೀದದ್ದು ಗೊತ್ತಾದ್ರೆ ಸಾಕು. ಚೆನ್ನಾಗಿದ್ರೆ ಇವರೇ ಹೇಳ್ತಾರೆ. ಕೆಟ್ಟಿದ್ರೆ ಹೇಳೋ ಜನ ಅಲ್ಲ ಇವರು."