ಸಾವಂತ್ರವ್ವ ಕಸಿದುಕೊಂಡ ಬೀಡಿಗಳು

ಮಾಸೂರಿನ ಮದಗದ ಕೆರೆಯ ಕೆಳಗಿನ ಗದ್ದೆಗಳಿಗೆ ಸಾವಂತ್ರವ್ವನ ಆಳುಗುಂಪು ನಾಟಿಗೆ ಇಳಿಯುವ ಮೊದಲು ಗಂಡಾಳುಗಳೆಲ್ಲ ತಮ್ಮ ಬೀಡಿ ಕಟ್ಟನ್ನು ಆಕೆಯ ಕೈಗೆ ಹಾಕಬೇಕಿತ್ತು. ಬದುವಿನ ಮೇಲೆ ಹೊಗೆ ಬಿಡುತ್ತ ಕೂತವರಿಂದ ನಾಟಿ ಮುಗಿಯುವುದಿಲ್ಲ ಎಂಬುದು ಆಕೆಯ ವಾದ. ಕಸಿದುಕೊಂಡದ್ದೆಲ್ಲ ಸಂಜೆ ಒಲೆಗೆ ಬೀಳುತ್ತದೆ ಎಂದು ಊರು ನಂಬಿತ್ತು. ಹಿತ್ತಲ ಬಣವೆಯ ಮರೆಯಲ್ಲಿ ಆಕೆ ಅವನ್ನು ಸೇದುವುದನ್ನು ಮನೆಯ ಎಮ್ಮೆ ಬಿಟ್ಟರೆ ಯಾರೂ ಕಂಡಿರಲಿಲ್ಲ.

೧೯೮೪ರ ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಗಂಡ ಉಳಿವೆಪ್ಪ ಹುಬ್ಬಳ್ಳಿಗೆ ಕರೆದೊಯ್ದ. ಕಫದಲ್ಲಿ ಕ್ಷಯ ಕಾಣಲಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಸಣ್ಣದೊಂದು ನೆರಳು. ಡಾಕ್ಟರು ರಕ್ತ ತೆಗೆದು ಮುಂಬಯಿಗೆ ಕಳಿಸಿದರು. ಕ್ಯಾನ್ಸರ್ ಗಡ್ಡೆ ಇದ್ದವರ ರಕ್ತದಲ್ಲಿ ಏರುವ ಒಂದು ಪ್ರೋಟೀನನ್ನು ಅಳೆಯುವ ಪರೀಕ್ಷೆ ಅದು. ಈ ಕಡೆಗೆ ಆಗಿನ್ನೂ ಹೊಸದು.

"ಪ್ರೋಟೀನು ಸ್ವಲ್ಪ ಜಾಸ್ತಿ ಐತಿ," ಎಂದರು ಡಾಕ್ಟರು, ಉತ್ತರ ಬಂದ ದಿನ. "ಗಡ್ಡಿ ಇದ್ರೂ ಏರತೈತಿ, ಬೀಡಿ ಸೇದೋರಿಗೂ ಇಷ್ಟು ಇರತೈತಿ. ಇದೊಂದರ ಮ್ಯಾಲೆ ಹೇಳಾಕ ಬರೂದಿಲ್ಲ. ನೀವು ಸೇದತೀರೇನವ್ವ? ಇಲ್ಲಾಂದ್ರ ಕಾಯೂದು ಬ್ಯಾಡ, ಎದಿ ಕೊಯ್ದು ನೋಡೂನು."

ಉಳಿವೆಪ್ಪ ನಕ್ಕುಬಿಟ್ಟ. "ಈಕೀನ್ರಿ? ಊರ ಬೀಡಿ ಎಲ್ಲಾ ಕಸಗೊಂಡು ಒಲಿಗೆ ಹಾಕತಾಳ್ರಿ."

ನಿಜ ಹೇಳಿದರೆ ಗುಂಪು ಇನ್ನು ತನ್ನ ಮಾತು ಕೇಳುವುದಿಲ್ಲ. ಸುಮ್ಮನಿದ್ದರೆ ಕತ್ತಿ. ಸಾವಂತ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಎಲ್ಲಾ ಒಲಿಗೆ ಹಾಕಿಲ್ರಿ ಸಾಹೇಬ್ರ."

"ದಿನಾ ಎಷ್ಟು ಸೇದತೀರಿ?"

"ಅವರು ತಂದಷ್ಟ್ರಿ."

ಉಳಿವೆಪ್ಪನ ನಗು ನಿಂತಿತು. "ಮತ್ತ ನನ್ನ ಬೀಡಿ ಬಿಡಿಸಿದ್ಯಲ್ಲ?"

"ಮದಲ ಸೇದಿದ್ದು ನಿಮ್ಮ ಕಟ್ಟಿಂದರಿ."

ಡಾಕ್ಟರು ಮುಖ ತಿರುಗಿಸಿ ಕೆಮ್ಮಿದರು. ಮಾತ್ರೆ ಬರೆದುಕೊಟ್ಟು, ಬೀಡಿ ಬಿಟ್ಟು ಎರಡು ತಿಂಗಳಿಗೆ ಬರಲು ಹೇಳಿದರು. ಆಕೆ ಬಿಟ್ಟಳು. ಮತ್ತೆ ನೋಡಿದಾಗ ಪ್ರೋಟೀನು ಇಳಿದಿತ್ತು, ನೆರಳೂ ಕರಗಿತ್ತು. ಅದು ಗಡ್ಡೆಯಲ್ಲ, ಎದೆಯ ನಂಜಿನ ಕಲೆಯಾಗಿತ್ತು.

ಅಷ್ಟರಲ್ಲಿ ಉಳಿವೆಪ್ಪ ಸುದ್ದಿಯನ್ನು ಊರಿಗೆಲ್ಲ ಹಂಚಿದ್ದ. ಬೇಸಿಗೆ ನಾಟಿಯ ಮೊದಲ ದಿನ ಆಳು ಗುಡ್ಡಪ್ಪ ಬೀಡಿ ಕಟ್ಟು ಹಿಡಿದು ನಿಂತ.

"ಅಕ್ಕಾ, ಇದನ್ನ ನಿನ್ನ ಕೈಯಾಗ ಕೊಡೂದೋ, ನಿನ್ನಿಂದ ಮುಚ್ಚಿಡೂದೋ?"

ಹೆಂಗಸರು ಸಸಿ ಕೆಳಗಿಟ್ಟು ನಕ್ಕರು. ಸಾವಂತ್ರವ್ವ ಬದುವಿನ ಮೇಲೆ ಮೂರು ಕಲ್ಲು ಹೂಡಿ ಬೆಂಕಿ ಹೊತ್ತಿಸಿದಳು.

"ಇನ್ನ ಒಲಿ ಇಲ್ಲೇ. ನಿಮ್ಮ ಕೈಯಾರ ಹಾಕ್ರಿ, ಎಲ್ಲಾರೂ ನೋಡ್ರಿ."

ಗುಡ್ಡಪ್ಪ ಗೊಣಗುತ್ತಲೇ ಹಾಕಿದ. ಉಳಿದವರೂ ಹಾಕಿದರು. ಗಾಳಿ ತಿರುಗಿ ಹೊಗೆ ತನ್ನ ಕಡೆ ಬಂದಾಗ ಸಾವಂತ್ರವ್ವ ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ಗದ್ದೆಗೆ ಇಳಿದಳು.