ಕಿಟಕಿಯಲ್ಲಿನ ಹಸಿರು ನೀರು

ಎಪ್ಪತ್ತೈದನೇ ಇಸವಿಯಲ್ಲಿ ನಿವೃತ್ತರಾದ ಸಿಂದಗಿಯ ಶಿರಸ್ತೇದಾರ ಧೂಳಪ್ಪನವರು ಸೊಲ್ಲಾಪುರದಿಂದ ಮೀನು ಸಾಕುವ ಗಾಜಿನ ಪೆಟ್ಟಿಗೆ ತಂದು, ಬಿಸಿಲು ಸುರಿಯುವ ಬೀದಿಬದಿಯ ಕಿಟಕಿಯಲ್ಲಿಟ್ಟರು. ನೀರು ಹಸಿರುಗಟ್ಟಿ ಮೀನೇ ಕಾಣದಂತಾದರೂ ತಪ್ಪು ತಮ್ಮದೆಂದು ಒಪ್ಪುವ ಆಸಾಮಿಯಲ್ಲ. ಒಮ್ಮೆ ನೀರು ಸೇದಿದ ಬಾವಿಯನ್ನು ಬೈಯುವರು, ಒಮ್ಮೆ ಮೀನು ಮಾರಿದವನನ್ನು, ಬೈಯುತ್ತಲೇ ಮೀನಿಗೆ ಮತ್ತೊಂದು ಹಿಡಿ ಹಿಟ್ಟು ಸುರಿಯುವರು. “ಬಿಸಲಾಗಿಂದ ತಗೀರಿ, ಹಿಟ್ಟು ಕಡಿಮಿ ಹಾಕ್ರಿ,” ಎಂದು ಹೆಂಡತಿ ಇಂದ್ರಾಬಾಯಿ ಹೇಳಿದರೆ, “ಇಡೀ ತಾಲೂಕ ನಡಿಸೇನಿ, ನಾಕ್ ಮೀನ ನಡಸಾಕ ಬರೂದಿಲ್ಲೇನ?” ಎಂದು ಗುಡುಗುವರು. ಅವರು ತಿಂಗಳ ಮಟ್ಟಿಗೆ ಇಂಡಿ ಪಟ್ಟಣದಲ್ಲಿದ್ದ ಮಗಳ ಮನೆಗೆ ಹೋದಾಗ ಇಂದ್ರಾಬಾಯಿ ಪೆಟ್ಟಿಗೆಯನ್ನು ಒಳಮನೆಯ ನೆರಳಿಗೆ ಸರಿಸಿದಳು, ನೀರು ತಿಳಿಯಾಯಿತು. ಮರಳಿ ಬಂದ ಸಾಹೇಬರು ತಿಳಿನೀರಿನಲ್ಲಿ ಆಡುವ ಮೀನುಗಳನ್ನು ಕೆಲವು ದಿನ ನೋಡಿ, ಮತ್ತೆ ಅದನ್ನು ಕಿಟಕಿಗೇ ಸಾಗಿಸಿದರು. “ಯಾಕ್ರಿ?” ಎಂದಳು ಇಂದ್ರಾಬಾಯಿ. “ಅಲ್ಲಿದ್ರ ಹೋಗವ್ರು ಬರವ್ರು ನಿಂತು, ‘ಸಾಹೇಬ್ರ, ಮೀನ ಎಲ್ಲದಾವ್ರಿ?’ ಅಂತ ಕೇಳ್ತಾರ,” ಎಂದರು ಮೆಲ್ಲಗೆ. “ಈಗ ನನ್ನ ಯಾರ ಏನ ಕೇಳ್ತಾರ, ಹೇಳು?”