ಮಾವ ಬರೆಸಿದ ಕಿಟಕಿ

ಯಾರ ಮನೆಯ ಮುಂದೆ ನಿಂತರೂ ಮಾವ ಎಡಗಣ್ಣು ಮುಚ್ಚಿ, ಶಾಯಿ ಹಿಡಿದು ಕಪ್ಪಾದ ಹೆಬ್ಬೆರಳನ್ನು ಮುಂದೆ ಚಾಚಿ, ಬಾಗಿಲಿನ ಆಚೆಗೆಷ್ಟು ಈಚೆಗೆಷ್ಟು ಎಂದು ಅಳೆಯುತ್ತಿದ್ದರು. ಅವ್ವನ ಒಡಹುಟ್ಟಿದ ಅಣ್ಣ. ದಾವಣಗೆರೆಯಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟರು. ಇಂಗ್ಲೆಂಡಿನಲ್ಲಿ ಜಾರ್ಜ್ ದೊರೆಗಳ ಕಾಲದ ಮನೆಗಳೆಂದರೆ ಅವರಿಗೆ ಪ್ರಾಣ. ನಟ್ಟನಡುವೆ ಬಾಗಿಲು, ಅದರ ನೆತ್ತಿಗೆ ಬೀಸಣಿಗೆ ಬಿಚ್ಚಿದಂಥ ಗಾಜು, ಎರಡೂ ಕಡೆ ಸರಿಸಮ ಕಿಟಕಿ. ನೋಡಿದ್ದೆಲ್ಲ ಚಿತ್ರದಲ್ಲೇ. "ಮನಿಗೆ ಮುಖ ಅಂದ್ರೆ ಹಂಗಿರ್ಬೇಕಪ್ಪ" ಎನ್ನುತ್ತಿದ್ದರು.

ಹರಿಹರದ ನಮ್ಮ ಮನೆಯನ್ನು ಅವರೇ ಹಾಗೆ ಕಟ್ಟಿಸಿಕೊಟ್ಟರು. ಪೂರ್ವಕ್ಕೆ ಬಾಗಿಲು, ಅದೇ ಸಾಲಿನ ಆಗ್ನೇಯ ಮೂಲೆಗೆ ಅಡುಗೆಮನೆ. ಅವ್ವ ಪೂರ್ವಕ್ಕೆ ಮುಖ ಮಾಡಿಯೇ ಒಲೆ ಹಚ್ಚುವವಳು. ಒಲೆಯ ನೇರಕ್ಕೆ ಕಿಟಕಿಯಿಟ್ಟರೆ ಹೊಳೆಗಾಳಿಗೆ ಉರಿ ನಿಲ್ಲದು, ಬಿಟ್ಟರೆ ಮನೆಯ ಮುಖ ಸೊಟ್ಟ. ಮಾವ ಹೊರಗೆ ಚೌಕಟ್ಟು ಕೂರಿಸಿ, ಗಾಜಿನಂತೆ ಬಣ್ಣ ಬರೆಸಿ, ಒಳಗೆ ಗೋಡೆ ಎಬ್ಬಿಸಿದರು. ಬೀದಿಯ ಜನ ನಿಂತು ನೋಡುತ್ತಿದ್ದರು. ಅವ್ವ ಹಗಲೂ ದೀಪ ಹಾಕಿಕೊಂಡು ರೊಟ್ಟಿ ತಟ್ಟಿದಳು. ನಾನೂ ಆ ಮುಖದ ಫೋಟೊ ತೆಗೆದು ಬೀಗಿದವನೇ.

ದಾವಣಗೆರೆಯ ವಿನೋಬನಗರದಿಂದ ಭಾನುವಾರ ಬಸ್ಸಿಗೆ ಬಂದು ಮಾವ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಮ್ಮೆ ಹೊಸ ಹೂವಿನಾಕೆ ಆ ಕಿಟಕಿಯ ಮುಂದೆ ನಿಂತು ಕೂಗಿದಳು. ತುಸು ಹೊತ್ತು ಕಾದಳು. "ಒಗ್ಗರಣೆ ವಾಸ್ನೆ ಬರ್ತೈತೆ, ಒಳಗೇ ಇದಾರೆ. ಕಿಟಕಿ ತೆಗ್ದು ಬ್ಯಾಡ ಅನ್ನಾಕೂ ಆಗಲ್ವ?" ಎಂದು ಗೊಣಗುತ್ತ ಹೋದಳು. ಅವ್ವ ಕೈ ಒರೆಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬೀದಿ ಖಾಲಿ.

ಮಾವನ ಮುಖ ಬಾಡಿತು. "ಇಂಗ್ಲೆಂಡಿನಾಗ ಕಿಟಕಿಗೆ ತೆರಿಗೆ ಹಾಕಿದ್ರು, ಜನ ಮುಚ್ಕಂಡ್ರು. ನಂಗೇನಾಗಿತ್ತು ತಂಗೆವ್ವ?"

"ಇರ್ಲಿ ಬಿಡಣ್ಣ, ರೂಢಿ ಆಗೈತೆ."

ಆ ಮಾತು ಅವರಿಗೆ ನಾಟಿತು. ಮರುವಾರವೇ ಗೋಡೆ ಒಡೆಸಿದರು. ಒಲೆಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದ್ದಷ್ಟೇ. "ಇಷ್ಟೇ ಇತ್ತಲ್ಲ ಕೆಲ್ಸ" ಎಂದು ತಲೆತಲೆ ಚಚ್ಚಿಕೊಂಡರು. ಆಮೇಲೆ ಬಂದಾಗಲೆಲ್ಲ ಮೊದಲು ಆ ಕಿಟಕಿಯ ಮುಂದೆ ನಿಲ್ಲುವರು. ಹೆಬ್ಬೆರಳು ಎತ್ತುತ್ತಿರಲಿಲ್ಲ. "ಬೆಳಕು ಸಾಕಾ ತಂಗೆವ್ವ?" ಎಂದು ಕೇಳುವರು. ತೀರಿಕೊಳ್ಳುವ ಹಿಂದಿನ ಭಾನುವಾರವೂ ಕೇಳಿದರು.

ಮಣ್ಣು ಮಾಡಿ ಬಂದ ದಿನ ಅವ್ವ ಅತ್ತಳು. "ನಾ ಮೊದ್ಲೇ ಒಂದ್ ಮಾತು ಹೇಳಿದ್ರೆ ಆವಾಗ್ಲೇ ಒಡಸ್ತಿದ್ದ. ಸುಮ್ನಿದ್ದು ಅಣ್ಣನ್ನ ಕೊರಗಿಸ್ದೆ." ಅದೇ ಕತ್ತಲಲ್ಲಿ ಕೂತು ನಾನೂ ದಿನಾ ಉಂಡಿದ್ದೆ, ಹಗಲಲ್ಲಿ ದೀಪ ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

ಒಲೆ ಸರಿದರೂ ಹೊಳೆಗಾಳಿ ಜೋರಾದ ದಿನ ಉರಿ ಆರುತ್ತದೆ. ಅವ್ವ ಮತ್ತೆ ಹಚ್ಚುತ್ತಾಳೆ, ಕಿಟಕಿ ಮುಚ್ಚುವುದಿಲ್ಲ.